ಬಣ್ಣಕ್ಕೆ ಎಷ್ಟು ಬಿಟ್ಟುಕೊಡಬೇಕು, ಕೈಯಲ್ಲಿ ಎಷ್ಟು ಉಳಿಸಿಕೊಳ್ಳಬೇಕು?

ಪ್ರಶ್ನೆ: ನಾನು ಕೆಲವು ವರ್ಷಗಳಿಂದ ಆಕ್ರಿಲಿಕ್ ಬಣ್ಣದಲ್ಲಿ ಭೂದೃಶ್ಯಗಳನ್ನು ಬರೆಯುತ್ತಿದ್ದೇನೆ. ಈಚೆಗೆ ಬಣ್ಣವನ್ನು ಸುರಿದು ಚಿತ್ರ ಮಾಡುವ ವಿಧಾನವನ್ನು ಕಲಿತು ಹಲವು ಫಲಕಗಳನ್ನು ಮಾಡಿದೆ. ಮೊದಮೊದಲು ಬೆರಗಾಯಿತು. ಈಗ ಎಲ್ಲವೂ ಒಂದೇ ತರಹ ಕಾಣುತ್ತಿವೆ, ಬೇರೆಯವರು ಮಾಡಿದ್ದಕ್ಕೂ ನಾನು ಮಾಡಿದ್ದಕ್ಕೂ ವ್ಯತ್ಯಾಸವೇ ತಿಳಿಯುವುದಿಲ್ಲ. ಸಮಕಾಲೀನ ಕಲೆಯಲ್ಲಿ ಬಣ್ಣವನ್ನು ಪ್ರಯೋಗಾತ್ಮಕವಾಗಿ ಬಳಸುವುದೆಂದರೆ ನಿಜವಾಗಿ ಏನು? ನಾನು ಎಲ್ಲಿಂದ ಆರಂಭಿಸಬೇಕು? ಇಂಥ ಕೃತಿಗಳು ಬಾಳಿಕೆ ಬರುತ್ತವೆಯೇ? ಪ್ರಯೋಗವೊಂದು ಯಾವಾಗ ಚಿತ್ರವಾಗುತ್ತದೆ ಎಂದು ಹೇಗೆ ತಿಳಿಯುವುದು?

ಉತ್ತರ: ನಿಮ್ಮ ಅಸಮಾಧಾನಕ್ಕೆ ಕಾರಣವಿದೆ. ಆ ಕಾರಣವನ್ನು ಬಿಡಿಸಿ ನೋಡಿದರೆ ಮೊದಲ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಬಣ್ಣ ಸುರಿಯುವ ವಿಧಾನವನ್ನು ನೀವು ಕಲಿತಾಗ ಬಣ್ಣಗಳ ಪ್ರಮಾಣ, ಬೆರೆಸುವ ದ್ರವ, ಲೋಟವನ್ನು ಮಗುಚುವ ರೀತಿ, ಫಲಕವನ್ನು ಓರೆ ಮಾಡುವ ಕ್ರಮ ಎಲ್ಲವೂ ಮೊದಲೇ ನಿಗದಿಯಾಗಿದ್ದವು. ಯಾರೋ ಹಿಂದೆ ಕೇಳಿಕೊಂಡ ಪ್ರಶ್ನೆಗೆ ಸಿಕ್ಕ ಉತ್ತರವನ್ನೇ ನೀವು ಮತ್ತೆ ಮತ್ತೆ ಬರೆದಿರಿ. ಪ್ರತಿ ಫಲಕದಲ್ಲಿ ಬಣ್ಣ ಬೇರೆ ಬೇರೆಯಾಗಿ ಹರಿದರೂ ಅದರ ಹಿಂದಿನ ತೀರ್ಮಾನಗಳು ಒಂದೇ ಆಗಿದ್ದುದರಿಂದ ಚಿತ್ರಗಳೂ ಒಂದೇ ಆಗಿ ಕಂಡವು. ಚಿತ್ರ ಬರೆಯುವಾಗ ನಾವು ಯೋಚಿಸದೆ ಒಪ್ಪಿಕೊಂಡು ಬಂದಿರುವ ಕಟ್ಟಳೆಗಳು ಹಲವಿವೆ. ಬಟ್ಟೆ ನೆಟ್ಟಗೆ ನಿಂತಿರಬೇಕು, ಅದಕ್ಕೆ ಜೆಸ್ಸೋ ಎಂಬ ಬಿಳಿಯ ತಳಲೇಪನವನ್ನು ಬಳಿದಿರಬೇಕು, ಬಣ್ಣ ಕುಂಚದಿಂದಲೇ ಇಳಿಯಬೇಕು, ಕುಂಚ ಕೈಯಲ್ಲೇ ಇರಬೇಕು, ಬಣ್ಣ ಯಾವುದಾದರೊಂದು ಆಧಾರದ ಮೇಲೆ ಕೂತಿರಬೇಕು. ಇವುಗಳಲ್ಲಿ ಒಂದನ್ನು ಬೇಕೆಂದೇ ಸಡಿಲಿಸಿ, ಉಳಿದವನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡು, ಆಗುವುದನ್ನು ಎಚ್ಚರದಿಂದ ನೋಡುವುದನ್ನೇ ನಾನು ಪ್ರಯೋಗವೆಂದು ಕರೆಯುತ್ತೇನೆ. ಬಣ್ಣಕ್ಕೆ ಯಾವುದನ್ನು ಬಿಟ್ಟುಕೊಡುತ್ತೇನೆ, ಯಾವುದನ್ನು ನಾನೇ ಇಟ್ಟುಕೊಳ್ಳುತ್ತೇನೆ ಎಂಬುದನ್ನು ಪ್ರತಿ ಸಲ ಹೊಸದಾಗಿ ತೀರ್ಮಾನಿಸುವ ಕೆಲಸ ಅದು. ಈ ದಾರಿಯಲ್ಲಿ ಗಟ್ಟಿಯಾದ ಕೆಲಸ ಮಾಡಿದವರನ್ನು ಗಮನಿಸಿದರೆ ಅವರಲ್ಲಿ ಹೆಚ್ಚಿನವರು ಒಂದೋ ಎರಡೋ ಕಟ್ಟಳೆಗಳನ್ನು ಮುರಿದವರು. ಎಲ್ಲವನ್ನೂ ಒಟ್ಟಿಗೆ ಮುರಿದವರು ವಿರಳ.

ಕೈಯಲ್ಲಿರುವ ವಸ್ತುವಿನ ಸ್ವಭಾವ ತಿಳಿಯದೆ ಈ ತೀರ್ಮಾನ ಸಾಧ್ಯವಿಲ್ಲ. ಯಾವ ಬಣ್ಣವನ್ನು ತೆಗೆದುಕೊಂಡರೂ ಅದರಲ್ಲಿ ನುಣ್ಣಗೆ ಅರೆದ ವರ್ಣದ್ರವ್ಯ, ಆ ಕಣಗಳನ್ನು ಹಿಡಿದಿಡುವ ಬಂಧಕ, ಎರಡನ್ನೂ ಹರಿಯುವಂತೆ ಮಾಡುವ ದ್ರವ ಇರುತ್ತವೆ. ತೈಲವರ್ಣದಲ್ಲಿ ಸಾಮಾನ್ಯವಾಗಿ ಅಗಸೆ ಎಣ್ಣೆಯೇ ಬಂಧಕ. ಆ ಎಣ್ಣೆ ಆವಿಯಾಗಿ ಹೋಗುವುದಿಲ್ಲ. ಗಾಳಿಯ ಆಮ್ಲಜನಕವನ್ನು ಹೀರಿಕೊಂಡು ಅದರ ಅಣುಗಳು ಒಂದಕ್ಕೊಂದು ಹೆಣೆದುಕೊಳ್ಳುತ್ತವೆ, ಹಾಗಾಗಿ ಮೇಲ್ಪದರ ಒಣಗಲು ದಿನಗಳೂ ಒಳಗೆ ಪೂರ್ತಿ ಗಟ್ಟಿಯಾಗಲು ಅದಕ್ಕಿಂತ ಬಹಳ ಹೆಚ್ಚಿನ ಕಾಲವೂ ಬೇಕು. ಆಕ್ರಿಲಿಕ್‌ನ ಕಥೆ ಬೇರೆ. ನೀರಿನಲ್ಲಿ ತೇಲುತ್ತಿರುವ ಕಣ್ಣಿಗೆ ಕಾಣದಷ್ಟು ಸಣ್ಣ ರಾಳದ ಗೋಲಿಗಳು ನೀರು ಆರಿಹೋದಂತೆ ಒತ್ತೊತ್ತಿಕೊಂಡು, ಬೆಸೆದುಕೊಂಡು, ಒಂದೇ ಪೊರೆಯಾಗುತ್ತವೆ. ಈ ಬೆಸುಗೆಗೆ ಸ್ವಲ್ಪ ಬಿಸುಪು ಬೇಕು. ಸುಮಾರು 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿನ ಚಳಿಯಲ್ಲಿ ಒಣಗಿದ ಆಕ್ರಿಲಿಕ್ ಪೊರೆ ಮೇಲೆ ಚೆನ್ನಾಗಿ ಕಂಡರೂ ಒಳಗೆ ದುರ್ಬಲವಾಗಿರಬಹುದು. ಎಣ್ಣೆ ಕೊಡುವ ದೀರ್ಘ ಕಾಲಾವಕಾಶ, ಆಕ್ರಿಲಿಕ್ ಕೊಡುವ ಬಾಗುವ ಪೊರೆ, ದ್ರಾವಕ ಕೊಡುವ ಹರಿವು: ಮುಂದೆ ನಾನು ಹೇಳಲಿರುವ ಪ್ರಯೋಗಗಳಲ್ಲಿ ಬಹುಪಾಲು ಇವುಗಳಲ್ಲಿ ಒಂದನ್ನು ಹಿಡಿದುಕೊಂಡು ಹೊರಟವು.

ನೀವು ಕಲಿತ ಸುರಿಯುವ ವಿಧಾನದಿಂದಲೇ ಆರಂಭಿಸೋಣ. 1936ರಲ್ಲಿ ಮೆಕ್ಸಿಕೊದ ಕಲಾವಿದ ದಾವಿದ್ ಅಲ್ಫಾರೊ ಸಿಕೆರೋಸ್ ಅವರು ನ್ಯೂಯಾರ್ಕ್‌ನಲ್ಲಿ ಒಂದು ಪ್ರಯೋಗ ಕಾರ್ಯಾಗಾರವನ್ನು ತೆರೆದರು. ಕಾರಿನ ಮೈಗೆ ಹೊಡೆಯುವ ನೈಟ್ರೋಸೆಲ್ಯುಲೋಸ್ ಲ್ಯಾಕರ್, ಏರ್‌ಬ್ರಷ್, ಕೊರೆದ ಅಚ್ಚುಗಳು ಅಲ್ಲಿನ ಸಲಕರಣೆಗಳು. ಮಲಗಿಸಿದ ಹಲಗೆಯ ಮೇಲೆ ಒಂದು ಬಣ್ಣದ ಮೇಲೆ ಇನ್ನೊಂದನ್ನು ಸುರಿದಾಗ ಅವು ತಾವಾಗಿಯೇ ಗುಳ್ಳೆ, ಸುಳಿ, ಬಲೆಗಳಂಥ ಆಕಾರಗಳಾಗಿ ಒಡೆಯುವುದನ್ನು ಕಂಡ ಸಿಕೆರೋಸ್ ಅದನ್ನು ಆಕಸ್ಮಿಕ ಚಿತ್ರಕಲೆ ಎಂದು ಕರೆದರು. 2015ರಲ್ಲಿ ಮೆಕ್ಸಿಕೊದ ಸಂಶೋಧಕರಾದ ಸಾಂಡ್ರಾ ಸೆತಿನಾ ಮತ್ತು ರೋಬೆರ್ತೊ ಸೆನಿತ್ ತಂಡದವರು ಇದನ್ನು ಪ್ರಯೋಗಾಲಯದಲ್ಲಿ ಮರುಸೃಷ್ಟಿಸಿ ಕಾರಣವನ್ನು ವಿವರಿಸಿದರು. ಹೆಚ್ಚು ಸಾಂದ್ರವಾದ ದ್ರವ ಕಡಿಮೆ ಸಾಂದ್ರವಾದ ದ್ರವದ ಮೇಲೆ ಕೂತರೆ ಆ ಜೋಡಿ ಸ್ಥಿರವಾಗಿರಲಾರದು. ಟೈಟಾನಿಯಂನಂಥ ವರ್ಣದ್ರವ್ಯದ ಬಿಳಿ ಭಾರವಾದದ್ದು, ಇಂಗಾಲದ ಕಪ್ಪು ಹಗುರ. ಬಿಳಿಯನ್ನು ಕಪ್ಪಿನ ಮೇಲೆ ಸುರಿದರೆ ಬಿಳಿ ಬೆರಳುಬೆರಳಾಗಿ ಕೆಳಗಿಳಿಯುತ್ತದೆ, ಕಪ್ಪು ಆ ನಡುವಿನಿಂದ ಮೇಲೆದ್ದು ಬರುತ್ತದೆ. ಅದೇ ಎರಡು ಬಣ್ಣಗಳನ್ನು ತಿರುಗುಮುರುಗಾಗಿ ಸುರಿದರೆ ಅಂಥ ಕಲಕಾಟ ಹುಟ್ಟುವುದಿಲ್ಲ. ನಿಮ್ಮ ಫಲಕಗಳಲ್ಲಿ ಕಾಣುವ ಕೋಶಗಳ, ಅಂದರೆ ಗುಳ್ಳೆಯಂಥ ಆಕಾರಗಳ, ಹಿಂದೆ ಇರುವುದೂ ಮುಖ್ಯವಾಗಿ ಇದೇ ಸಾಂದ್ರತೆಯ ವ್ಯತ್ಯಾಸ. ನೀವು ಸಿಲಿಕೋನ್ ಎಣ್ಣೆ ಬೆರೆಸಿದ್ದರೆ ಅದರ ಜೊತೆಗೆ ಮೇಲ್ಮೈ ಎಳೆತದ ವ್ಯತ್ಯಾಸವೂ ಸೇರಿಕೊಂಡಿರುತ್ತದೆ.

ಸಿಕೆರೋಸ್ ಅಲ್ಲಿಗೆ ನಿಲ್ಲಲಿಲ್ಲ ಎಂಬುದನ್ನು ನೀವು ಗಮನಿಸಬೇಕು. ಅದೇ 1936ರಲ್ಲಿ ಅವರು ಮಾಡಿದ ‘ಸಾಮೂಹಿಕ ಆತ್ಮಹತ್ಯೆ’ ಎಂಬ ಕೃತಿಯಲ್ಲಿ, ಸ್ಪೇನಿನ ದಾಳಿಕಾರರಿಗೆ ಶರಣಾಗುವ ಬದಲು ಸಾವನ್ನು ಆರಿಸಿಕೊಂಡ ಮೂಲನಿವಾಸಿಗಳ ಸಣ್ಣ ಸಣ್ಣ ಆಕೃತಿಗಳು ಸುರಿದ ಲ್ಯಾಕರ್‌ನ ಸುಳಿಗಳ ನಡುವೆ ನಿಂತಿವೆ. ಆ ಸುಳಿಗಳು ಅಲ್ಲಿ ಅಲಂಕಾರವಾಗಿ ಉಳಿಯದೆ ಜನರನ್ನು ನುಂಗುವ ಪ್ರಪಾತವಾಗಿವೆ. ಆಕಸ್ಮಿಕವಾಗಿ ಹುಟ್ಟಿದ ಆಕಾರ ಎಲ್ಲಿರಬೇಕು, ಎಷ್ಟಿರಬೇಕು, ಯಾವುದರ ಪಕ್ಕದಲ್ಲಿರಬೇಕು ಎಂಬ ನಿರ್ಧಾರ ಕಲಾವಿದರದ್ದೇ ಆಗಿತ್ತು. ಭೂದೃಶ್ಯಗಳನ್ನು ಬರೆಯುತ್ತಾ ಬಂದಿರುವ ನಿಮಗೆ ಇಲ್ಲಿ ಒಂದು ನೇರವಾದ ದಾರಿ ಇದೆ ಎಂದು ನನಗೆ ಅನ್ನಿಸುತ್ತದೆ. ಸುರಿದ ಬಣ್ಣ ಫಲಕದ ಒಂದು ಭಾಗವನ್ನು ಮಾತ್ರ ಆಕ್ರಮಿಸಲಿ, ಉಳಿದ ಭಾಗವನ್ನು ನಿಮ್ಮ ಕುಂಚ ಎದುರಿಸಲಿ.

ಆ ಕಾರ್ಯಾಗಾರದಲ್ಲಿ ಭಾಗವಹಿಸಿದ್ದ ಯುವಕರಲ್ಲಿ ಜಾಕ್ಸನ್ ಪೊಲಾಕ್ ಒಬ್ಬರು. 1947ರಿಂದ ಅವರು ಕ್ಯಾನ್ವಾಸನ್ನು ನೆಲದ ಮೇಲೆ ಹಾಸಿ, ಗೋಡೆ ಬಾಗಿಲುಗಳಿಗೆ ಬಳಿಯುವಂಥ ಎನಾಮಲ್ ಬಣ್ಣವನ್ನು ಕಡ್ಡಿಗಳಿಂದ, ಗಟ್ಟಿಯಾಗಿ ಒಣಗಿದ ಕುಂಚಗಳಿಂದ ಮೇಲಿನಿಂದ ಸುರಿಸಿ ಚಿತ್ರಗಳನ್ನು ಮಾಡಿದ್ದು ಎಲ್ಲರಿಗೂ ಗೊತ್ತಿರುವ ಸಂಗತಿ. ಅದನ್ನು ಸಿಕ್ಕಾಬಟ್ಟೆ ಎರಚುವ ಕೆಲಸವೆಂದು ತಿಳಿದವರು ಈಗಲೂ ಇದ್ದಾರೆ. 2019ರಲ್ಲಿ ಸೆನಿತ್ ಅವರ ತಂಡವೇ ಪ್ರಕಟಿಸಿದ ಇನ್ನೊಂದು ಅಧ್ಯಯನ ಈ ತಿಳಿವಳಿಕೆಯನ್ನು ಚೆನ್ನಾಗಿ ತಿದ್ದುತ್ತದೆ. ಮಂದವಾದ ದ್ರವವನ್ನು ಎತ್ತರದಿಂದ ನಿಧಾನವಾಗಿ ಸುರಿದರೆ, ಚಮಚದಿಂದ ಇಳಿಯುವ ಜೇನುತುಪ್ಪದ ಹಾಗೆ, ಅದು ಕೆಳಗೆ ಸುರುಳಿ ಸುತ್ತಿಕೊಳ್ಳುತ್ತದೆ. ಪೊಲಾಕ್ ಅವರ ಗೆರೆಗಳಲ್ಲಿ ಅಂಥ ಸುರುಳಿಗಳು ಬಹುಮಟ್ಟಿಗೆ ಇಲ್ಲ. ಕೈಯ ವೇಗ, ಕ್ಯಾನ್ವಾಸಿನಿಂದ ಕೈಯ ಎತ್ತರ, ಬಣ್ಣದ ಸ್ನಿಗ್ಧತೆ ಈ ಮೂರನ್ನೂ ಅವರು ಒಂದು ನಿರ್ದಿಷ್ಟ ಹದದಲ್ಲಿ ಇಟ್ಟುಕೊಂಡಿದ್ದರಿಂದಲೇ ಆ ಉದ್ದನೆಯ, ತುಂಡಾಗದ, ಸುರುಳಿಯಾಗದ ಗೆರೆಗಳು ಸಾಧ್ಯವಾದವು. ಕುಂಚವನ್ನು ಬಟ್ಟೆಗೆ ತಾಗಿಸುವುದನ್ನು ಅವರು ಬಿಟ್ಟುಕೊಟ್ಟರು. ಗೆರೆಯ ಮೇಲಿನ ಹಿಡಿತವನ್ನು ಬಿಟ್ಟುಕೊಡಲಿಲ್ಲ.

ನನಗೆ ಅತ್ಯಂತ ಪ್ರಿಯವಾದ ತಿರುವು 1952ರದ್ದು. ಆಗ 23 ವರ್ಷದವರಾಗಿದ್ದ ಅಮೆರಿಕದ ಕಲಾವಿದೆ ಹೆಲೆನ್ ಫ್ರಾಂಕೆಂಥೇಲರ್ ಅವರು ಸುಮಾರು 2.2 ಮೀಟರ್ ಎತ್ತರ, 3 ಮೀಟರ್ ಅಗಲದ ‘ಮೌಂಟನ್ಸ್ ಅಂಡ್ ಸೀ’ ಚಿತ್ರದಲ್ಲಿ ಮುರಿದದ್ದು ಜೆಸ್ಸೋದ ಕಟ್ಟಳೆಯನ್ನು. ಯಾವ ಲೇಪನವೂ ಇಲ್ಲದ ಹತ್ತಿಯ ಕ್ಯಾನ್ವಾಸನ್ನು ನೆಲದ ಮೇಲೆ ಹಾಸಿ, ಇದ್ದಿಲಿನಲ್ಲಿ ಕೆಲವು ಗೆರೆಗಳನ್ನು ಎಳೆದುಕೊಂಡು, ದ್ರಾವಕದಲ್ಲಿ ನೀರಿನಷ್ಟು ತೆಳುಮಾಡಿದ ತೈಲವರ್ಣವನ್ನು ಅದರ ಮೇಲೆ ಸುರಿದರು. ಬಣ್ಣ ಬಟ್ಟೆಯ ಮೇಲೆ ಕೂರದೆ ನೂಲಿನೊಳಗೆ ಇಳಿಯಿತು. ನಸುಗೆಂಪು, ನೀಲಿ, ಹಸಿರಿನ ಕಲೆಗಳ ಅಂಚಿನಲ್ಲಿ ಎಣ್ಣೆ ಬಣ್ಣಕ್ಕಿಂತ ಮುಂದೆ ಹರಿದು ಒಂದು ತೆಳುವಾದ ಪ್ರಭೆಯನ್ನು ಬಿಟ್ಟಿತು. ಬಣ್ಣ ತಾಗದ ಜಾಗಗಳಲ್ಲಿ ಬರಿಯ ಬಟ್ಟೆಯೇ ಬೆಳಕಾಗಿ ನಿಂತಿತು. ಅಲ್ಲಿ ಕುಂಚದ ಗುರುತಾಗಲಿ ದಪ್ಪನೆಯ ಪದರವಾಗಲಿ ಇಲ್ಲ, ಬಣ್ಣ ಮತ್ತು ಬಟ್ಟೆ ಬೇರೆ ಬೇರೆ ಎಂದು ಹೇಳಲಾಗದು. 1953ರಲ್ಲಿ ಈ ಚಿತ್ರವನ್ನು ಅವರ ಸ್ಟುಡಿಯೋದಲ್ಲಿ ನೋಡಿದ ಮಾರಿಸ್ ಲೂಯಿಸ್ ಮತ್ತು ಕೆನೆತ್ ನೋಲಂಡ್ ಇಬ್ಬರ ಕೆಲಸವೂ ಅಲ್ಲಿಂದ ಮುಂದೆ ಬದಲಾಯಿತು. ಲೂಯಿಸ್ ತಮ್ಮ ಮನೆಯ ಪುಟ್ಟ ಊಟದ ಕೋಣೆಯಲ್ಲಿ ಆಳೆತ್ತರವನ್ನು ಮೀರಿದ ಬಟ್ಟೆಗಳ ಮೇಲೆ ದ್ರಾವಕದಲ್ಲಿ ಕರಗುವ ಆಕ್ರಿಲಿಕ್ ಬಣ್ಣವನ್ನು ಹರಿಸಿ ಚಿತ್ರಗಳನ್ನು ಮಾಡಿದರು. ಎಣ್ಣೆಯ ಬದಲು ಆಕ್ರಿಲಿಕ್ ಬಂದದ್ದರಿಂದ ಪ್ರಭೆ ಮಾಯವಾಗಿ ಅಂಚುಗಳು ಸ್ಪಷ್ಟವಾದವು. ಬಂಧಕ ಬದಲಾದರೆ ಚಿತ್ರದ ಭಾವವೇ ಬದಲಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತಿಳಿದಿಲ್ಲ.

ಬಂಧಕದ ಮಾತು ಬಂದಾಗ ಫ್ರಾನ್ಸಿನ ಕಲಾವಿದ ಈವ್ ಕ್ಲೈನ್ ಅವರನ್ನು ಬಿಡುವಂತಿಲ್ಲ. ಅಲ್ಟ್ರಾಮರೀನ್ ನೀಲಿಯ ಒಣ ಪುಡಿ ಕಣ್ಣಿಗೆ ಎಷ್ಟು ತೀವ್ರವಾಗಿ ಕಾಣುತ್ತದೆಯೋ ಎಣ್ಣೆಯಲ್ಲಿ ಅರೆದಾಗ ಅಷ್ಟು ಕಾಣುವುದಿಲ್ಲ, ಕಪ್ಪಿಡುತ್ತದೆ. ಪ್ಯಾರಿಸ್ಸಿನ ಬಣ್ಣದ ವ್ಯಾಪಾರಿ ಎದುವಾರ್ ಆದಾಂ ಅವರ ನೆರವಿನಿಂದ ಕ್ಲೈನ್ ಪಾಲಿವಿನೈಲ್ ಅಸಿಟೇಟ್ ರಾಳದ ಒಂದು ಬಂಧಕವನ್ನು ಹುಡುಕಿಕೊಂಡರು. ಅದನ್ನು ತೆಳುಮಾಡಿ ಬಳಸಿದರೆ ಕಣಗಳು ಅಂಟಿಕೊಳ್ಳುತ್ತವೆ, ಆದರೆ ಅವುಗಳ ಸುತ್ತ ಹೊಳಪಿನ ಪೊರೆ ಕಟ್ಟುವುದಿಲ್ಲ. 1960ರಲ್ಲಿ ಅವರು ಈ ಸೂತ್ರವನ್ನು ಫ್ರಾನ್ಸಿನ ಸರ್ಕಾರಿ ಕಚೇರಿಯಲ್ಲಿ ದಿನಾಂಕ ದಾಖಲಿಸುವ ಲಕೋಟೆಯಲ್ಲಿ ಇಟ್ಟರು. ಅವರು ಪೇಟೆಂಟ್ ಪಡೆದರೆಂದು ಹಲವರು ಬರೆಯುವುದು ತಪ್ಪು. ಆ ತೀವ್ರತೆಗೆ ತೆತ್ತ ಬೆಲೆಯೂ ಇದೆ. ಬಂಧಕ ಕಡಿಮೆ ಇರುವ ಆ ಮೇಲ್ಮೈಯನ್ನು ಒಂದು ಬೆರಳು ಮುಟ್ಟಿದರೂ ಗುರುತು ಉಳಿಯುತ್ತದೆ, ಅದನ್ನು ಸರಿಪಡಿಸುವುದು ಬಹಳ ಕಷ್ಟ.

ಕೈಯ ಬದಲು ಮೈಯನ್ನೇ ಬಳಸಿದವರ ಸಾಲು ದೊಡ್ಡದು. 1954ರಲ್ಲಿ ಜಪಾನಿನಲ್ಲಿ ಜಿರೊ ಯೋಶಿಹಾರ ಕಟ್ಟಿದ ಗುಟಾಯ್ ಗುಂಪಿನಲ್ಲಿ ಶೋಝೊ ಶಿಮಾಮೊಟೊ ಬಣ್ಣ ತುಂಬಿದ ಬಾಟಲಿಗಳನ್ನು ಕ್ಯಾನ್ವಾಸಿನ ಮೇಲೆ ಎಸೆದು ಒಡೆದರು, ಕಝುವೊ ಶಿರಾಗ ಚಾವಣಿಯಿಂದ ಇಳಿಬಿಟ್ಟ ಹಗ್ಗವನ್ನು ಹಿಡಿದು ತೂಗಾಡುತ್ತಾ ಬರಿಗಾಲಿನಿಂದ ತೈಲವರ್ಣದ ರಾಶಿಯನ್ನು ಎಳೆದಾಡಿದರು. ನಿಕಿ ದ ಸಾಂ ಫಾಲ್ 1961ರಿಂದ ಪ್ಲಾಸ್ಟರಿನೊಳಗೆ ಹುದುಗಿಸಿದ ಬಣ್ಣದ ಚೀಲಗಳಿಗೆ ಬಂದೂಕಿನಿಂದ ಗುಂಡು ಹೊಡೆದು ಚಿತ್ರಗಳನ್ನು ಮಾಡಿದರು. 1960ರ ಮಾರ್ಚ್ 9ರಂದು ಪ್ಯಾರಿಸ್ಸಿನಲ್ಲಿ ಕ್ಲೈನ್ ಔತಣದ ಉಡುಪು ತೊಟ್ಟು ನಿಂತು, ನಗ್ನ ರೂಪದರ್ಶಿಯರು ಮೈಗೆ ನೀಲಿ ಬಳಿದುಕೊಂಡು ಕಾಗದಕ್ಕೆ ಒತ್ತುವಂತೆ ನಿರ್ದೇಶಿಸಿದರು. ಈ ನಾಲ್ವರನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಕ್ಲೈನ್ ಅವರ ಕೃತಿಯಲ್ಲಿ ಬಣ್ಣ ಮೆತ್ತಿಕೊಂಡ ಮೈ ಒಬ್ಬರದ್ದು, ಹೆಸರು ಇನ್ನೊಬ್ಬರದ್ದು ಎಂಬುದು ನನ್ನನ್ನು ಈಗಲೂ ಕಾಡುತ್ತದೆ. ಶಿರಾಗ ತಮ್ಮ ಮೈಯನ್ನೇ ಪಣಕ್ಕಿಟ್ಟರು. ಅವರ ಚಿತ್ರಗಳನ್ನು ಹೇಗೆ ಮಾಡಿದರೆಂದು ತಿಳಿಯದವರು ನೋಡಿದರೂ ದಪ್ಪನೆಯ ಬಣ್ಣ ಉರುಳಿ, ಮಡಚಿ, ಜಾರಿ ನಿಂತಿರುವ ರಭಸ ತಾಗುತ್ತದೆ. ಪ್ರದರ್ಶನ ಮುಗಿದ ಮೇಲೂ ಚಿತ್ರವಾಗಿ ಉಳಿಯುವುದು ಎಲ್ಲ ಕ್ರಿಯಾಕೃತಿಗಳಿಗೂ ಸಾಧ್ಯವಾಗಿಲ್ಲ.

ಉಪಕರಣವನ್ನು ಬದಲಿಸಿದವರಿಂದ ನೀವು ಹೆಚ್ಚು ಕಲಿಯಬಹುದು. ಭಾರತದ ಅಮೂರ್ತ ಚಿತ್ರಕಾರ ವಿ. ಎಸ್. ಗಾಯ್ತೊಂಡೆ ಅವರು ರೋಲರ್ ಮತ್ತು ಪ್ಯಾಲೆಟ್ ನೈಫ್‌ನಿಂದ ಬಣ್ಣವನ್ನು ಪದರ ಪದರವಾಗಿ ಹಾಕಿ, ತೆಗೆದು, ಮತ್ತೆ ಹಾಕಿ ಆ ಮೌನವಾದ ಮೇಲ್ಮೈಗಳನ್ನು ಪಡೆದರು. ಜರ್ಮನಿಯ ಗೆರ್ಹಾರ್ಡ್ ರಿಕ್ಟರ್ ಸ್ಕ್ವೀಜಿ ಎಂಬ ಉದ್ದನೆಯ ಪಟ್ಟಿಯಿಂದ ಹಸಿ ತೈಲವರ್ಣವನ್ನು ಎಳೆದು ಕೆಳಗಿನ ಪದರಗಳನ್ನು ಒಮ್ಮೆ ಮುಚ್ಚಿದರು, ಒಮ್ಮೆ ಕಿತ್ತು ತೋರಿಸಿದರು. ಇವರಿಗಿಂತ ಕಡಿಮೆ ಪ್ರಸಿದ್ಧರಾದ ಅಮೆರಿಕದ ಜ್ಯಾಕ್ ವಿಟನ್ ಅವರ ಕೆಲಸವನ್ನು ನೀವು ಹುಡುಕಿ ನೋಡಬೇಕು. 1970ರ ದಶಕದಲ್ಲಿ ಅವರು 12 ಅಡಿ ಅಗಲದ, ಹಲುಬೆಯಂಥ ಒಂದು ಉಪಕರಣವನ್ನು ತಾವೇ ಮಾಡಿಕೊಂಡು ಅದಕ್ಕೆ ‘ಡೆವಲಪರ್’ ಎಂದು ಹೆಸರಿಟ್ಟರು. ನೆಲದ ಮೇಲೆ ಹಾಸಿದ ಕ್ಯಾನ್ವಾಸಿನ ಮೇಲೆ ಆಕ್ರಿಲಿಕ್ ಪದರಗಳನ್ನು ಸುರಿದು, ಅವು ಬೇಕಾದ ಹದಕ್ಕೆ ಬರುವವರೆಗೆ ಕಾದು, ಇಡೀ ಚಿತ್ರವನ್ನು ಒಂದೇ ಎಳೆತದಲ್ಲಿ ಮುಗಿಸಿದರು. ಯಾವ ಪದರ ಎಷ್ಟು ಒಣಗಿದೆ ಎಂಬ ಲೆಕ್ಕದ ಮೇಲೆ ಎಲ್ಲವೂ ನಿಂತಿತ್ತು, ಎಳೆದ ಮೇಲೆ ತಿದ್ದುವ ಅವಕಾಶವಿರಲಿಲ್ಲ. ಮುಂದೆ ಅವರೇ ಆಕ್ರಿಲಿಕ್ಕನ್ನು ಹಾಳೆಯಾಗಿ ಒಣಗಿಸಿ, ಸಣ್ಣ ಸಣ್ಣ ಚೌಕಗಳಾಗಿ ಕತ್ತರಿಸಿ, ಮೊಸಾಯಿಕ್‌ನಂತೆ ಜೋಡಿಸಿದರು. ಬಣ್ಣವನ್ನು ಬಳಿಯುವ ದ್ರವವೆಂದು ಮಾತ್ರ ನೋಡದೆ, ಕತ್ತರಿಸಿ ಕಟ್ಟಬಹುದಾದ ಘನವಸ್ತುವೆಂದು ನೋಡಿದ್ದು ಅವರ ದೊಡ್ಡ ಹೆಜ್ಜೆ.

ಆಧಾರದ ಕಟ್ಟಳೆಯನ್ನು ಮುರಿದವರೂ ಇದ್ದಾರೆ. ಲಿಂಡಾ ಬೆಂಗ್ಲಿಸ್ 1960ರ ದಶಕದ ಕೊನೆಯಲ್ಲಿ ಬಣ್ಣ ಬೆರೆಸಿದ ರಬ್ಬರ್ ಹಾಲನ್ನು ನೇರವಾಗಿ ನೆಲದ ಮೇಲೆ ಸುರಿದು ಅದನ್ನೇ ಕೃತಿಯೆಂದು ಬಿಟ್ಟರು. ಅದೇ ಕಾಲದಲ್ಲಿ ಸ್ಯಾಮ್ ಗಿಲಿಯಮ್ ಬಣ್ಣದಲ್ಲಿ ನೆನೆಸಿದ ಕ್ಯಾನ್ವಾಸನ್ನು ಚೌಕಟ್ಟಿಲ್ಲದೆ ಚಾವಣಿಯಿಂದ ಇಳಿಬಿಟ್ಟರು. ಕಾಥರೀನಾ ಗ್ರೋಸ್ಸ ಸ್ಪ್ರೇ ಗನ್ ಹಿಡಿದು ಕೋಣೆಗಳನ್ನು, ಮಣ್ಣಿನ ರಾಶಿಗಳನ್ನು, 2016ರಲ್ಲಿ ನ್ಯೂಯಾರ್ಕಿನ ಕಡಲತೀರದ ಒಂದು ಪಾಳು ಕಟ್ಟಡವನ್ನೇ ಬಣ್ಣದಿಂದ ಮುಚ್ಚಿದರು. ಚಿತ್ರಕಲೆಯ ತರಬೇತಿ ಪಡೆದ ಶೀಲಾ ಗೌಡ ಅವರು 1998ರ ಒಂದು ಕೃತಿಯಲ್ಲಿ ಸೂಜಿ ಪೋಣಿಸಿದ ಉದ್ದುದ್ದನೆಯ ದಾರಗಳನ್ನು ಒಟ್ಟುಗೂಡಿಸಿ, ಅಂಟು ಮತ್ತು ಕುಂಕುಮ ಸವರಿ, ಕೋಣೆಯ ತುಂಬ ಹರಿಯಬಿಟ್ಟರು. ಅಲ್ಲಿ ಕುಂಕುಮ ವರ್ಣದ್ರವ್ಯ, ಅಂಟು ಬಂಧಕ, ದಾರವೇ ಗೆರೆ. ಚಿತ್ರಕಲೆಯ ಎಲ್ಲ ಅಂಗಗಳೂ ಅದರಲ್ಲಿವೆ, ಗೋಡೆಯ ಮೇಲಿನ ಚೌಕವೊಂದೇ ಇಲ್ಲ. ಹೆಂಗಸರ ದುಡಿಮೆಯ ನೋವು, ಮೈಯ ನೆನಪು ಆ ವಸ್ತುಗಳ ಮೂಲಕವೇ ಬರುವುದರಿಂದ, ಅವುಗಳ ಬದಲು ಬೇರೇನನ್ನೋ ಬಳಸಿದ್ದರೆ ಕೃತಿಯೇ ಇರುತ್ತಿರಲಿಲ್ಲ. ಪ್ರಯೋಗಕ್ಕೆ ಹೊಸ ವಸ್ತುವನ್ನು ಆರಿಸುವಾಗ ಇದೇ ಕಟ್ಟುನಿಟ್ಟನ್ನು ಇಟ್ಟುಕೊಳ್ಳಿ ಎಂದು ನಾನು ಹೇಳುತ್ತೇನೆ.

ಈಗ ನೀವು ಎಲ್ಲಿಂದ ಆರಂಭಿಸಬೇಕು ಎಂಬ ಪ್ರಶ್ನೆಗೆ ಬರುತ್ತೇನೆ. ಕೆಲಕಾಲ ಹೊಸ ಬಣ್ಣಗಳನ್ನು ಕೊಳ್ಳಬೇಡಿ. ಒಂದೇ ಬಣ್ಣವನ್ನು, ಸಾಧ್ಯವಾದರೆ ಒಂದೇ ವರ್ಣದ್ರವ್ಯದಿಂದ ಮಾಡಿದ್ದನ್ನು ಆರಿಸಿಕೊಂಡು, ಒಂದು ಸಲಕ್ಕೆ ಒಂದೇ ಅಂಶವನ್ನು ಬದಲಿಸಿ ನೋಡಿ. ಲೇಪನವಿಲ್ಲದ ಹತ್ತಿಯ ಕ್ಯಾನ್ವಾಸಿನ ಮೂರು ತುಂಡುಗಳನ್ನು ತೆಗೆದುಕೊಳ್ಳಿ. ಒಂದು ಒಣದಾಗಿರಲಿ, ಇನ್ನೊಂದಕ್ಕೆ ನೀರು ಚಿಮುಕಿಸಿ ತೇವ ಮಾಡಿ, ಮೂರನೆಯದಕ್ಕೆ ಬಳಸುವ ಬಣ್ಣದಲ್ಲಿ ಮಾತ್ರ ಹರಿವನ್ನು ಹೆಚ್ಚಿಸುವ ದ್ರಾವಣವನ್ನು ಕೆಲವು ಹನಿ ಬೆರೆಸಿ. ಮೂರರ ಮೇಲೂ ಒಂದೇ ಎತ್ತರದಿಂದ ಒಂದೇ ಅಳತೆಯ ತೆಳು ಆಕ್ರಿಲಿಕ್ ಸುರಿಯಿರಿ. ಒಣ ಬಟ್ಟೆಯ ಮೇಲೆ ಬಣ್ಣ ಮೊದಲು ಮುತ್ತಿನಂತೆ ಗುಂಡಗೆ ನಿಲ್ಲುತ್ತದೆ, ನೀರಿನ ಮೇಲ್ಮೈ ಎಳೆತ ಅದನ್ನು ಒಳಗೆ ಹೋಗಲು ಬಿಡುವುದಿಲ್ಲ. ನಂತರ ನಿಧಾನವಾಗಿ ಇಳಿದು ಗಡಸು ಅಂಚನ್ನು ಬಿಡುತ್ತದೆ. ತೇವದ ಬಟ್ಟೆಯಲ್ಲಿ ಅಂಚು ಮಸುಕಾಗಿ ಹರಡಿ ಮಧ್ಯದಿಂದ ಹೊರಕ್ಕೆ ತಿಳಿಯಾಗುತ್ತದೆ. ಮೂರನೆಯದರಲ್ಲಿ ಬಣ್ಣ ಸುರಿದ ಕೂಡಲೇ ನೂಲಿನೊಳಗೆ ಇಳಿದು ಬಟ್ಟೆಯ ಹಿಂಬದಿಯಲ್ಲೂ ಕಾಣುತ್ತದೆ. ಬಟ್ಟೆಯನ್ನು ಮಗುಚಿ ಆ ಹಿಂಬದಿಯನ್ನು ಗಮನವಿಟ್ಟು ನೋಡಿ. ಎಷ್ಟೋ ಸಲ ಮುಂಬದಿಗಿಂತ ಹಿಂಬದಿಯ ಚಿತ್ರವೇ ಸೂಕ್ಷ್ಮವಾಗಿರುತ್ತದೆ. ಈ ಮೂರು ಅಂಚುಗಳು ನಿಮ್ಮ ಕೈವಶವಾದರೆ ಒಂದು ಭೂದೃಶ್ಯದ ದಿಗಂತ, ಮಂಜು, ನೀರಿನ ಅಂಚು ಯಾವುದನ್ನು ಹೇಗೆ ತರಬೇಕೆಂದು ನೀವೇ ಆರಿಸಬಲ್ಲಿರಿ.

ಇದರಲ್ಲಿ ಮನಸ್ಸು ನಿಂತರೆ ಅಲ್ಲೇ ಕೆಲಸ ಮಾಡಿ, ಇನ್ನೊಂದಕ್ಕೆ ಅವಸರ ಬೇಡ. ಬಣ್ಣವನ್ನು ಘನವಸ್ತುವಾಗಿ ನೋಡುವ ಆಸೆ ಹುಟ್ಟಿದರೆ, ಆಕ್ರಿಲಿಕ್ಕನ್ನು ಮೀಡಿಯಂನೊಂದಿಗೆ (ವರ್ಣದ್ರವ್ಯವಿಲ್ಲದ ಆಕ್ರಿಲಿಕ್ ಬಂಧಕದೊಂದಿಗೆ) ಬೆರೆಸಿ ಪಾಲಿಥೀನ್ ಹಾಳೆಯ ಮೇಲೆ ಸಮತಟ್ಟಾಗಿ ಸುರಿದು, ಮೇಲೆ ಗಟ್ಟಿಯಾಗಿದೆ ಎಂದು ಮೋಸಹೋಗದೆ, ಹಾಲುಬಣ್ಣದ ಮಬ್ಬು ಪೂರ್ತಿ ಹೋಗುವವರೆಗೆ ಬಿಟ್ಟು, ಆಮೇಲೆ ಸುಲಿದು ತೆಗೆಯಿರಿ. ಆ ಪೊರೆಯನ್ನು ಕತ್ತರಿಸಬಹುದು, ಮಡಚಬಹುದು, ಆಕ್ರಿಲಿಕ್ ಮೀಡಿಯಂನಿಂದಲೇ ಇನ್ನೊಂದರ ಮೇಲೆ ಅಂಟಿಸಬಹುದು. ಎರಡು ಪೊರೆಗಳನ್ನು ಒಂದರ ಮೇಲೊಂದು ಇಟ್ಟರೆ ಸೆಕೆಗೆ ಅಂಟಿಕೊಂಡು ಬೇರ್ಪಡುವುದೇ ಇಲ್ಲ, ಆದ್ದರಿಂದ ನಡುವೆ ಪಾಲಿಥೀನ್ ಹಾಳೆ ಇರಲಿ. ಚಳಿಯಲ್ಲಿ ಅವು ಪೆಡಸಾಗುವುದರಿಂದ ಆಗ ಬಗ್ಗಿಸಬೇಡಿ.

ಬಾಳಿಕೆಯ ಪ್ರಶ್ನೆಯನ್ನು ನೀವು ಕೇಳಿದ್ದು ಒಳ್ಳೆಯದಾಯಿತು, ಏಕೆಂದರೆ ಪ್ರಯೋಗದ ಉತ್ಸಾಹದಲ್ಲಿ ಮೊದಲು ಮರೆತುಹೋಗುವುದು ಅದೇ. ಫ್ರಾಂಕೆಂಥೇಲರ್ ಅವರ ವಿಧಾನವನ್ನು ತೈಲವರ್ಣದಲ್ಲಿ ಹಾಗೆಯೇ ಅನುಸರಿಸಬೇಡಿ. ಲೇಪನವಿಲ್ಲದ ಹತ್ತಿಯ ನೂಲನ್ನು ಎಣ್ಣೆ ವರ್ಷಗಳು ಕಳೆದಂತೆ ಕಂದಿಸಿ ಪೆಡಸಾಗಿಸುತ್ತದೆ. ಅವರೇ 1960ರ ದಶಕದಲ್ಲಿ ಆಕ್ರಿಲಿಕ್‌ಗೆ ಬದಲಾದರು. ಮಾರ್ಕ್ ರಾತ್ಕೊ ಅವರು ಹಾರ್ವರ್ಡ್ ವಿಶ್ವವಿದ್ಯಾಲಯಕ್ಕಾಗಿ ಬರೆದು 1964ರಲ್ಲಿ ಅಲ್ಲಿನ ಊಟದ ಕೋಣೆಯಲ್ಲಿ ಅಳವಡಿಸಿದ ದೊಡ್ಡ ಫಲಕಗಳ ಕಥೆ ಇನ್ನೂ ಕಠಿಣ. ಅವುಗಳಲ್ಲಿದ್ದ ಲಿಥಾಲ್ ರೆಡ್ ಎಂಬ ವರ್ಣದ್ರವ್ಯ ಬೆಳಕಿಗೆ ನಿಲ್ಲುವಂಥದ್ದಾಗಿರಲಿಲ್ಲ. ದೊಡ್ಡ ಕಿಟಕಿಗಳಿಂದ ಬಂದ ಬಿಸಿಲಿಗೆ ಕೆಂಪು ಮಾಸಿಹೋಗಿ 1979ರ ಹೊತ್ತಿಗೆ ಫಲಕಗಳನ್ನು ಕೆಳಗಿಳಿಸಬೇಕಾಯಿತು. 2014ರಲ್ಲಿ ಸಂರಕ್ಷಕರು ಮೂಲ ಬಣ್ಣವನ್ನು ಲೆಕ್ಕಹಾಕಿ, ಕಡಿಮೆಯಾದಷ್ಟನ್ನು ಪ್ರೊಜೆಕ್ಟರ್ ಬೆಳಕಿನಿಂದ ಅವುಗಳ ಮೇಲೆ ತುಂಬಿ ಪ್ರದರ್ಶಿಸಿದರು. ಚಿತ್ರವನ್ನು ಮುಟ್ಟದೆ ಮಾಡಿದ ಆ ಕೆಲಸ ಅದ್ಭುತವಾದದ್ದು, ಆದರೆ ಆ ಭಾಗ್ಯ ಎಲ್ಲರ ಚಿತ್ರಗಳಿಗೂ ಸಿಗುವಂಥದ್ದಲ್ಲ. ಆದ್ದರಿಂದ ಟ್ಯೂಬಿನ ಮೇಲಿನ ಆಕರ್ಷಕ ಹೆಸರನ್ನು ಬಿಟ್ಟು ವರ್ಣದ್ರವ್ಯದ ಸಂಕೇತವನ್ನು ಓದುವ ಅಭ್ಯಾಸ ಮಾಡಿಕೊಳ್ಳಿ. ಪಿಬಿ 29 ಎಂದರೆ ಅಲ್ಟ್ರಾಮರೀನ್ ನೀಲಿ, ಪಿಡಬ್ಲ್ಯೂ 6 ಎಂದರೆ ಟೈಟಾನಿಯಂ ಬಿಳಿ, ಪಿಡಬ್ಲ್ಯೂ 4 ಎಂದರೆ ಸತುವಿನ ಬಿಳಿ. ತೈಲದಲ್ಲಿ ಸತುವಿನ ಬಿಳಿ ಕಾಲಕ್ರಮೇಣ ಪೆಡಸಾಗಿ ಪದರಗಳು ಬಿಟ್ಟುಕೊಳ್ಳಲು ಕಾರಣವಾಗುತ್ತದೆ ಎಂಬುದು ಈಗ ಸಂರಕ್ಷಕರ ಅನುಭವಕ್ಕೆ ಬಂದಿರುವ ವಿಷಯ. ಹೊಳೆಯುವ ಫ್ಲೋರೊಸೆಂಟ್ ಬಣ್ಣಗಳು ಬೆಳಕಿಗೆ ಬೇಗ ಮಾಸುತ್ತವೆ.

ನಿಮ್ಮ ಸುರಿದ ಫಲಕಗಳಲ್ಲಿ ಸಿಲಿಕೋನ್ ಎಣ್ಣೆ ಇದ್ದರೆ ಅದು ಒಣಗಿದ ಮೇಲೂ ಮೇಲ್ಮೈಯಲ್ಲಿ ಉಳಿದಿರುತ್ತದೆ. ಅದನ್ನು ಚೆನ್ನಾಗಿ ಒರೆಸಿ ತೆಗೆಯದೆ ವಾರ್ನಿಶ್ ಬಳಿದರೆ ವಾರ್ನಿಶ್ ಅಲ್ಲಲ್ಲಿ ಹಿಂದೆ ಸರಿದು ಕಣ್ಣುಕಣ್ಣಾಗುತ್ತದೆ. ನನ್ನ ಅಭಿಪ್ರಾಯ ಕೇಳಿದರೆ ಸಿಲಿಕೋನನ್ನು ಬಿಟ್ಟುಬಿಡಿ, ಸಾಂದ್ರತೆಯ ವ್ಯತ್ಯಾಸವೊಂದರಿಂದಲೇ ಬೇಕಾದಷ್ಟು ಸಿಗುತ್ತದೆ. ಆಕ್ರಿಲಿಕ್ಕಿಗೆ ಅತಿಯಾಗಿ ನೀರು ಬೆರೆಸಿದರೆ ಬಂಧಕ ಸಾಲದೆ ಹೋಗುತ್ತದೆ. ಅನುಮಾನವಿದ್ದರೆ ಒಂದು ವಾರ ಕಳೆದ ಮೇಲೆ ಒದ್ದೆ ಹತ್ತಿಯಿಂದ ಮೆಲ್ಲನೆ ಉಜ್ಜಿ ನೋಡಿ. ಹತ್ತಿಗೆ ಬಣ್ಣ ಬಂದರೆ ಮುಂದಿನ ಸಲ ನೀರಿನ ಒಂದು ಭಾಗದ ಬದಲು ತೆಳುವಾದ ಆಕ್ರಿಲಿಕ್ ಮೀಡಿಯಂ ಬಳಸಿ. ಒಣಗಿದ ಆಕ್ರಿಲಿಕ್ ಮೇಲೆ ತೈಲವರ್ಣವನ್ನು ಹಾಕಬಹುದು, ತೈಲದ ಮೇಲೆ ಆಕ್ರಿಲಿಕ್ ಹಾಕಬಾರದು, ಅದು ಹಿಡಿದುಕೊಳ್ಳುವುದಿಲ್ಲ.

ಆರೋಗ್ಯದ ಮಾತನ್ನೂ ಇಲ್ಲೇ ಸೇರಿಸುತ್ತೇನೆ. ಒಣ ವರ್ಣದ್ರವ್ಯದ ಪುಡಿಯನ್ನು ಬಳಸುವಾಗ ಮತ್ತು ಸ್ಪ್ರೇ ಮಾಡುವಾಗ ತಕ್ಕ ಫಿಲ್ಟರ್ ಇರುವ ಮುಖಗವಸು ಬೇಕೇಬೇಕು, ಬಾಯಿಗೆ ಬಟ್ಟೆ ಕಟ್ಟಿಕೊಂಡರೆ ಸಾಲದು. ಕ್ಯಾಡ್ಮಿಯಂ, ಸೀಸ, ಕೋಬಾಲ್ಟ್ ಇರುವ ಬಣ್ಣಗಳನ್ನು ಸ್ಪ್ರೇ ಮಾಡಲೇಬೇಡಿ. ಅಗಸೆ ಎಣ್ಣೆ ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಯಲ್ಲಿ ಬಿಟ್ಟರೆ, ಆಮ್ಲಜನಕ ಹೀರುವಾಗ ಹುಟ್ಟುವ ಶಾಖ ಹೊರಹೋಗಲಾರದೆ ಅವು ತಾವಾಗಿಯೇ ಹೊತ್ತಿಕೊಳ್ಳಬಹುದು. ಅವುಗಳನ್ನು ಬಿಡಿಸಿ ಹರವಿ ಒಣಗಿಸಿ, ಇಲ್ಲವೇ ನೀರಿನಲ್ಲಿ ಮುಳುಗಿಸಿ ಮುಚ್ಚಳವಿರುವ ಲೋಹದ ಡಬ್ಬಿಯಲ್ಲಿ ಇಡಿ.

ಪ್ರಯೋಗ ಯಾವಾಗ ಚಿತ್ರವಾಗುತ್ತದೆ ಎಂಬುದು ನಿಮ್ಮ ಕೊನೆಯ ಪ್ರಶ್ನೆ. ಬಣ್ಣ ಹಸಿಯಾಗಿರುವಾಗ ಎಲ್ಲವೂ ಸುಂದರವಾಗಿ ಕಾಣುವುದರಿಂದ ಆಗ ಯಾವ ತೀರ್ಮಾನವನ್ನೂ ಮಾಡಬೇಡಿ. ಒಣಗಿದ ಮೇಲೆ ಆಕ್ರಿಲಿಕ್ ಒಂದು ಛಾಯೆ ಗಾಢವಾಗುತ್ತದೆ, ಬಟ್ಟೆಗೆ ಇಳಿದ ತೆಳು ಬಣ್ಣ ಮಂಕಾಗುತ್ತದೆ. ಕೃತಿಯನ್ನು ಕೆಲವು ದಿನ ಗೋಡೆಗೆ ಒರಗಿಸಿಟ್ಟು, ತಲೆಕೆಳಗು ಮಾಡಿ, ಪಕ್ಕಕ್ಕೆ ತಿರುಗಿಸಿ ನೋಡಿ. ಅದನ್ನು ಹೇಗೆ ಮಾಡಿದಿರಿ ಎಂದು ವಿವರಿಸದೆ ನೋಡುಗರ ಮುಂದಿಟ್ಟಾಗ ಅವರು ವಿಧಾನದ ಬಗ್ಗೆಯೇ ಮೊದಲು ಕೇಳಿದರೆ, ಅದು ಇನ್ನೂ ಪ್ರಯೋಗದ ಹಂತದಲ್ಲಿದೆ ಎಂದು ನಾನು ತಿಳಿಯುತ್ತೇನೆ. ಅದರಲ್ಲಿ ಕಂಡದ್ದರ ಬಗ್ಗೆ ಅವರು ಮಾತಾಡತೊಡಗಿದರೆ ಅದು ಆ ಹಂತವನ್ನು ದಾಟಿದೆ. ದಾಟದವನ್ನು ಎಸೆಯಬೇಡಿ. ಬಣ್ಣದ ಸಂಕೇತ, ಬೆರೆಸಿದ ಪ್ರಮಾಣ, ಅಂದಿನ ಹವೆ ಎಲ್ಲವನ್ನೂ ಹಿಂಬದಿಯಲ್ಲಿ ಬರೆದು ಇಟ್ಟುಕೊಳ್ಳಿ. ಎಷ್ಟೋ ಫಲಕಗಳಲ್ಲಿ ಇಡೀ ಮೇಲ್ಮೈ ಸೋತಿದ್ದರೂ ಒಂದು ಭಾಗ ಗೆದ್ದಿರುತ್ತದೆ. ಫ್ರಾಂಕೆಂಥೇಲರ್ ಅವರೂ ಬಣ್ಣ ಹಾಕಿದ ಮೇಲೆ ಕ್ಯಾನ್ವಾಸನ್ನು ಎಲ್ಲಿ ಕತ್ತರಿಸಬೇಕು, ಯಾವ ಬದಿ ಮೇಲೆ ಬರಬೇಕು ಎಂಬುದನ್ನು ತೀರ್ಮಾನಿಸುತ್ತಿದ್ದರು. ದಪ್ಪ ರಟ್ಟಿನಿಂದ ಮೂಲೆಮಟ್ಟದ ಆಕಾರದ ಎರಡು ಅಗಲವಾದ ತುಂಡುಗಳನ್ನು ಕತ್ತರಿಸಿಕೊಂಡು, ಅವನ್ನು ಎದುರುಬದುರಾಗಿ ಜೋಡಿಸಿದರೆ ಬೇಕಾದ ಅಳತೆಗೆ ಹಿಗ್ಗುವ, ಕುಗ್ಗುವ ಒಂದು ಚೌಕಟ್ಟು ಸಿಗುತ್ತದೆ. ಈಗಾಗಲೇ ನೀವು ಮಾಡಿ ಬೇಸರಪಟ್ಟಿರುವ ಫಲಕಗಳ ಮೇಲೆ ಮೊದಲು ಅದನ್ನು ಸರಿಸಿ ನೋಡಿ. ಉಳಿಸಿಕೊಳ್ಳಬೇಕೆನಿಸಿದ ಭಾಗವನ್ನು ಪೆನ್ಸಿಲಿನಿಂದ ಗುರುತು ಮಾಡಿ, ಆ ಗುರುತಿನ ಹೊರಗೆ ಉಳಿದದ್ದರ ಮೇಲೆ ಕುಂಚ ಹಿಡಿದು ಕೆಲಸ ಆರಂಭಿಸಿ.